ಕಡಲಿಂದ ಬಂದ ಮೆಟಲ್ ಡಿಟೆಕ್ಟರಿಗೆ ಮೊದಲ ಸ್ನಾನ: ತೊಳೆಯುವುದು, ಒಣಗಿಸುವುದು, ಮಳೆಗಾಲ ದಾಟಿಸುವುದು

ನನ್ನ ಮೆಟಲ್ ಡಿಟೆಕ್ಟರ್ ದುಬೈಯಿಂದ ಭಾವ ತಂದುಕೊಟ್ಟದ್ದು. ಮೊದಮೊದಲು ಊರಿನವರಿಗೆ ಅದೊಂದು ತಮಾಷೆ. "ಎಂತ, ನಿಧಿ ಸಿಕ್ಕಿತಾ?" ಎಂದು ಕೇಳದವರಿಲ್ಲ. ಈಗ ಕಡಲ ಬದಿಯಲ್ಲಿ ಯಾರದ್ದಾದರೂ ಉಂಗುರ ಬಿದ್ದರೆ, ಅಡಿಕೆ ತೋಟದಲ್ಲಿ ಹುಲ್ಲು ಕೊಯ್ಯುವಾಗ ಸರ ಕಳೆದರೆ, ಅಪ್ಪನ ಕಾಲದಲ್ಲಿ ಹೂತ ಕಬ್ಬಿಣದ ಪೈಪು ಎಲ್ಲಿ ಹೋಗಿದೆ ಎಂದು ಗೊತ್ತಾಗದಿದ್ದರೆ ಅದೇ ಜನ ಫೋನು ಮಾಡುತ್ತಾರೆ. ನಮ್ಮ ಮನೆ ಬದಿಯಡ್ಕದ ಕಡೆ, ಗುಡ್ಡದ ಬುಡದಲ್ಲಿ. ಹಾಗಾಗಿ ನನ್ನ ಡಿಟೆಕ್ಟರ್ ಒಂದು ವಾರ ಮಂಜೇಶ್ವರದ ಉಪ್ಪು ಹೊಯಿಗೆಯಲ್ಲಿ (ಮರಳಿನಲ್ಲಿ), ಮರುವಾರ ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ಓಡಾಡುತ್ತದೆ. ಎರಡೂ ಅದಕ್ಕೆ ಒಳ್ಳೆಯದಲ್ಲ. ಎರಡೂ ಸೇರಿದರಂತೂ ಕೇಳುವುದೇ ಬೇಡ.

ಅದು ಗೊತ್ತಾದದ್ದು ಹೀಗೆ. ಒಂದು ಸಂಜೆ ಕಣ್ವತೀರ್ಥದ ಕಡಲ ಬದಿಯಲ್ಲಿ ಹುಡುಕಿ, ಉಂಗುರ ಸಿಕ್ಕಿ, ಆ ಮನೆಯವರ ಚಾ ಕುಡಿದು ಮನೆ ಮುಟ್ಟುವಾಗ ರಾತ್ರಿ ಹತ್ತಾಗಿತ್ತು. ಡಿಟೆಕ್ಟರನ್ನು ಹಾಗೆಯೇ ಜಗಲಿಯ ಮೂಲೆಯಲ್ಲಿ ನಿಲ್ಲಿಸಿದೆ. ನಾಲ್ಕು ದಿನ ಬಿಟ್ಟು ಪಕ್ಕದ ತೋಟಕ್ಕೆ ಒಯ್ದರೆ, ನೆಲಕ್ಕೆ ಹಿಡಿದಲ್ಲೆಲ್ಲಾ ಕೂಗು. ಗಾಳಿಯಲ್ಲಿ ಬೀಸಿದರೂ ಕೂಗು. ಹಾಳಾಯಿತು ಎಂದೇ ಲೆಕ್ಕ ಹಾಕಿದೆ. ಕೊನೆಗೆ ಕಾಯಿಲ್‌ನ, ಅಂದರೆ ರಾಡಿನ ತುದಿಯಲ್ಲಿ ನೆಲದ ಮೇಲೆ ಬೀಸುವ ತಟ್ಟೆಯ, ಕೆಳಗಿನ ಪ್ಲಾಸ್ಟಿಕ್ ಕವರ್ ಕಿತ್ತು ನೋಡಿದರೆ ಒಳಗೆ ಕಾಲು ಇಂಚು ಕೆಸರು! ಹಳೆಯ ಕೆಂಪು ಮಣ್ಣು, ಅದರ ಮೇಲೆ ಕಡಲ ಹೊಯಿಗೆ, ನಾಲ್ಕು ದಿನವಾದರೂ ಒಣಗದೆ ಅಂಟಂಟು. ತೊಳೆದ ಮೇಲೆ ಕೂಗು ನಿಂತಿತು. ರಿಪೇರಿಗೆ ಒಂದು ರೂಪಾಯಿ ಖರ್ಚಿಲ್ಲ.

ಅಂದಿನಿಂದ ನಮ್ಮಲ್ಲಿ ಒಂದು ಕ್ರಮ ಉಂಟು. ಕಡಲಿಂದ ಬಂದರೆ ಮೊದಲು ಯಂತ್ರಕ್ಕೆ ಸ್ನಾನ, ಮತ್ತೆ ನನಗೆ. ಕೆಲಸ ಹದಿನೈದು ಇಪ್ಪತ್ತು ನಿಮಿಷದ್ದು.

ಉಪ್ಪು ಯಾಕೆ ಇಷ್ಟು ಕೆಟ್ಟದ್ದು

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಅಡುಗೆ ಕೋಣೆಯ ಕಲ್ಲುಪ್ಪಿನ ಭರಣಿ ನೆನಪು ಮಾಡಿಕೊಳ್ಳಿ. ಜೂನ್ ಬಂತೆಂದರೆ ಅದು ತಾನಾಗಿ ನೀರು ಬಿಡುತ್ತದೆ, ಅಲ್ವಾ? ಡಿಟೆಕ್ಟರಿನ ಸ್ಕ್ರೂ ಸಂದಿಯಲ್ಲಿ, ರಾಡುಗಳನ್ನು ಹಿಡಿದಿಡುವ ಬಟನ್ ಸ್ಪ್ರಿಂಗಿನಲ್ಲಿ, ಹೆಡ್‌ಫೋನ್ ತೂತಿನಲ್ಲಿ ಕೂತ ಉಪ್ಪೂ ಅದನ್ನೇ ಮಾಡುತ್ತದೆ. ಗಾಳಿಯಿಂದ ನೀರು ಎಳೆದುಕೊಂಡು ಯಾವಾಗಲೂ ಸ್ವಲ್ಪ ಒದ್ದೆಯಾಗಿಯೇ ಇರುತ್ತದೆ. ಉಪ್ಪು ನೀರಿನಲ್ಲಿ ಕರೆಂಟು ಹರಿಯುತ್ತದೆ, ಲೋಹ ಬೇಗ ತಿಂದು ಹೋಗುತ್ತದೆ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಹಸಿರು ಕಿಲುಬು. ಸುಮ್ನೆ ಬಟ್ಟೆಯಲ್ಲಿ ಒರೆಸಿದರೆ ಈ ಉಪ್ಪು ಹೋಗುವುದಿಲ್ಲ. ಸಿಹಿನೀರಿನಲ್ಲಿ ಕರಗಿಯೇ ಹೋಗಬೇಕು.

ಕೆಂಪು ಮಣ್ಣಿನ ಸಮಸ್ಯೆ ಬೇರೆ. ನಮ್ಮ ಮುರಕಲ್ಲಿಗೆ ಆ ಬಣ್ಣ ಬಂದದ್ದೇ ಕಬ್ಬಿಣದ ಅಂಶದಿಂದ. ಒಣಗಿದ ಕೆಂಪು ಪುಡಿಗೆ ಒಮ್ಮೆ ಅಯಸ್ಕಾಂತ ಹಿಡಿದು ನೋಡಿ. ಸಣ್ಣ ಸಣ್ಣ ಕಣಗಳು ಮೀಸೆಯ ಹಾಗೆ ಅಂಟಿಕೊಳ್ಳುತ್ತವೆ. ಅಂಥ ಮಣ್ಣು ಕಾಯಿಲ್‌ಗೂ ಕವರಿಗೂ ನಡುವೆ ಸೇರಿ, ಬೀಸುವಾಗ ಅತ್ತಿತ್ತ ಜಾರಿದರೆ ಯಂತ್ರ ಅದನ್ನೇ ಲೋಹ ಎಂದು ಹೇಳುತ್ತದೆ.

ಹೊರಡುವ ಮೊದಲು, ಅಲ್ಲಿಯೇ

ಕಡಲಿಗೆ ಹೋಗುವಾಗ ಎರಡು ಲೀಟರ್ ಬಾಟಲಿಯಲ್ಲಿ ಸಿಹಿನೀರು ಒಯ್ಯಿರಿ. ಕೆಲಸ ಮುಗಿದ ಕೂಡಲೇ ಸ್ವಿಚ್ ಆಫ್ ಮಾಡಿ. ಕಾಯಿಲ್, ಅದರ ಬೋಲ್ಟು, ಕೆಳಗಿನ ರಾಡ್ ಇಷ್ಟಕ್ಕೆ ನೀರು ಹೊಯ್ಯಿರಿ. ಸ್ಕ್ರೀನ್, ಬಟನ್ ಇರುವ ಕಂಟ್ರೋಲ್ ಬಾಕ್ಸನ್ನು ಮೇಲೆ ಎತ್ತಿ ಹಿಡಿಯಿರಿ, ಅದಕ್ಕೆ ನೀರು ಇಳಿಯಬಾರದು. ಉಪ್ಪು ಒಣಗಿ ಗಟ್ಟಿಯಾಗುವ ಮೊದಲೇ ಅರ್ಧ ಹೋಗುತ್ತದೆ. ಹೊಯಿಗೆ ಮೆತ್ತಿಕೊಂಡ ಯಂತ್ರವನ್ನು ಚೀಲಕ್ಕೆ ಹಾಕಿ ಜಿಪ್ ಎಳೆಯಬೇಡಿ. ಚೀಲದೊಳಗೆ ಒಮ್ಮೆ ಹೊಯಿಗೆ ಸೇರಿದರೆ ಮುಂದಿನ ಸಲ ತೊಳೆದ ಯಂತ್ರಕ್ಕೂ ಅದೇ ಮೆತ್ತುತ್ತದೆ, ಸ್ಕ್ರೀನಿಗೆ ಗೀರು ಬೀಳುತ್ತದೆ. ಹಳೆಯ ಬೈರಾಸಿನಲ್ಲಿ ಸುತ್ತಿ ತಂದರೆ ಸಾಕು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಮಾತ್ರ ಇಡಬೇಡಿ.

ಮನೆಯಲ್ಲಿ: ಮೊದಲು ಬಿಚ್ಚುವುದು

ಬೇಕಾದ ಸಾಮಾನು ಎಲ್ಲಾ ಮನೆಯಲ್ಲೇ ಉಂಟು. ಅಗಲ ಟಬ್ಬು ಒಂದು, ಬಾಲ್ದಿಯಲ್ಲಿ ಸಿಹಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಹಳೆಯ ಟೂತ್‌ಬ್ರಷ್, ಮೆದುವಾದ ಪೇಂಟಿಂಗ್ ಬ್ರಷ್, ಇಯರ್ ಬಡ್ಸ್, ಎರಡು ಹತ್ತಿ ಬಟ್ಟೆ.

ನೀರಿನ ವಿಷಯದಲ್ಲಿ ಒಂದು ಮಾತು. ಕಡಲ ಬದಿಯ ಎಷ್ಟೋ ಬಾವಿಗಳ ನೀರು ಏಪ್ರಿಲ್ ಮೇ ತಿಂಗಳಲ್ಲಿ ಉಪ್ಪಾಗುತ್ತದೆ. ಆ ನೀರಿನಲ್ಲಿ ತೊಳೆದರೆ ತೊಳೆದು ಏನು ಬಂತು? ಕಡೆಯ ಸಲಕ್ಕಾದರೂ ಕುಡಿಯುವ ನೀರು ಬಳಸಿ. ನಮ್ಮ ಮನೆಗೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು, ಆ ಚಿಂತೆ ಇಲ್ಲ.

ಮೊದಲು ಬ್ಯಾಟರಿ ಹೊರಗೆ. ಸೆಲ್ ಹಾಕುವ ಮಾದರಿಯಾದರೆ ತೆಗೆದಿಡಿ. ಒಳಗೇ ಬ್ಯಾಟರಿ ಇರುವ ಮಾದರಿಯಾದರೆ ಪೂರ್ತಿ ಆಫ್ ಆಗಿದೆಯಾ ನೋಡಿ, ಚಾರ್ಜಿಂಗ್ ಬಾಯಿಯ ಮುಚ್ಚಳ ಒತ್ತಿ. ಹೆಡ್‌ಫೋನ್ ಕಳಚಿ. ಕೇಬಲಿನ ಪ್ಲಗ್ ಕಳಚುವಾಗ ತಿರುಗಣೆಯನ್ನು ಪೂರ್ತಿ ಬಿಚ್ಚಿ, ಪ್ಲಗ್ಗನ್ನೇ ಹಿಡಿದು ಎಳೆಯಿರಿ. ವಯರು ಹಿಡಿದು ಜಗ್ಗಿದರೆ ಒಳಗಿನ ಬೆಸುಗೆ ಬಿಡುತ್ತದೆ. ಆಮೇಲೆ ರಾಡುಗಳನ್ನು ಬೇರೆ ಬೇರೆ ಮಾಡಿ.

ಕಾಯಿಲ್ ಹಿಡಿದಿರುವ ಪ್ಲಾಸ್ಟಿಕ್ ಬೋಲ್ಟು, ನಟ್ಟು, ಎರಡು ರಬ್ಬರ್ ವಾಷರ್, ಇವಿಷ್ಟನ್ನೂ ಒಂದು ಸ್ಟೀಲ್ ಲೋಟಕ್ಕೆ ಹಾಕಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ನನ್ನ ಒಂದು ವಾಷರ್ ಬಚ್ಚಲ ತೂತಿನಲ್ಲಿ ಹೋಯಿತು. ಅದಿಲ್ಲದೆ ಕಾಯಿಲ್ ನಿಲ್ಲುವುದಿಲ್ಲ, ಬೀಸುವಾಗ ತಲೆ ಬಾಗಿಸುತ್ತದೆ. ಅಂಗಡಿಯಲ್ಲಿ ನಲ್ಲಿಯ ವಾಷರ್ ತಂದು ಹಾಕಿದೆ, ದಪ್ಪ ಸರಿಬರಲಿಲ್ಲ. ಕೊನೆಗೆ ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಪದರ ಮಾಡಿ ಹಾಕಿದ್ದು, ಇವತ್ತಿಗೂ ಅದೇ ಇದೆ. ಯಾವ ಕಾರಣಕ್ಕೂ ಅಲ್ಲಿ ಕಬ್ಬಿಣದ ಬೋಲ್ಟು ಹಾಕಬೇಡಿ. ಕಾಯಿಲ್‌ನ ಮಗ್ಗುಲಿಗೇ ಕಬ್ಬಿಣ ಇಟ್ಟ ಹಾಗಾಗುತ್ತದೆ.

ಕಾಯಿಲ್ ಮತ್ತು ಕವರ್: ಹೆಚ್ಚು ಸಮಯ ಇಲ್ಲಿ ಕೊಡಿ

ಹೆಚ್ಚಿನ ಕಾಯಿಲ್‌ಗಳು ನೀರು ತಾಗಬಹುದಾದಂಥವು. ಹಾಗಾಗಿ ಹೆದರಿಕೆ ಬೇಡ. ಆದರೆ ಕವರ್ ತೆಗೆಯದೆ ಮೇಲಿಂದ ನೀರು ಹೊಯ್ದರೆ ಹೊಯಿಗೆ ಇನ್ನೂ ಒಳಗೆ ಹೋಗಿ ಕೂರುತ್ತದೆ ಅಷ್ಟೆ.

ಕವರ್ ತೆಗೆಯುವುದು ಹೀಗೆ. ಮೊದಲು ಕಾಯಿಲ್ಲನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ. ಕೇಬಲಿನ ಪ್ಲಗ್ ನೀರಿನಿಂದ ಹೊರಗೆ, ಅದಕ್ಕೊಂದು ಪ್ಲಾಸ್ಟಿಕ್ ತೊಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಮಣ್ಣು ನೆನೆದ ಮೇಲೆ ಅಂಚಿನಲ್ಲಿ ಹೆಬ್ಬೆರಳಿನ ಉಗುರು ತೂರಿಸಿ, ಒಂದು ಕಡೆಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸುತ್ತಾ ಸುತ್ತ ಬನ್ನಿ. ಉಗುರಿಗೆ ಬಗ್ಗದಿದ್ದರೆ ಅವಧಿ ಮುಗಿದ ಎಟಿಎಂ ಕಾರ್ಡ್ ಒಳ್ಳೆಯದು. ಸ್ಕ್ರೂಡ್ರೈವರ್, ಕತ್ತಿಯ ಮೊನೆ ಬೇಡವೇ ಬೇಡ. ಕಾಯಿಲ್‌ನ ಚಿಪ್ಪು ತೆಳು. ಅದಕ್ಕೆ ಒಂದು ಸಣ್ಣ ತೂತಾದರೆ ಒಳಗಿನ ತಂತಿ ಸುತ್ತಿಗೆ ನೀರು ಇಳಿಯುತ್ತದೆ, ಆಮೇಲೆ ಹೊಸ ಕಾಯಿಲ್ಲೇ ಗತಿ.

ಕವರ್ ಕಳಚಿದಾಗ ಒಳಗೆ ಕಾಣುವುದನ್ನು ಒಮ್ಮೆ ಸರಿಯಾಗಿ ನೋಡಿ. ನನಗೆ ಅಂಚಿನ ಸುತ್ತ ಕಾಫಿ ಪುಡಿಯ ಹಾಗೆ ಕಪ್ಪು ಗೆರೆ ಕಂಡದ್ದುಂಟು. ಅದು ಕರಿ ಹೊಯಿಗೆ, ಅಯಸ್ಕಾಂತಕ್ಕೆ ಅಂಟುವ ಜಾತಿ. ಅದನ್ನು ಬೆರಳಿನಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ನೀರು ಹರಿಸುತ್ತಾ ಪೇಂಟಿಂಗ್ ಬ್ರಷ್‌ನಿಂದ ತಳ್ಳಿ. ಕೆಂಪು ಮಣ್ಣು ಹಿಡಿದಿದ್ದರೆ ಲಿಕ್ವಿಡ್ ಹಾಕಿದ ನೀರು ಮತ್ತು ಟೂತ್‌ಬ್ರಷ್. ಟಬ್ಬಿನ ನೀರು ಕೆಂಪಾಗುವುದು ನಿಲ್ಲುವವರೆಗೆ ಬದಲಾಯಿಸಿ. ನನಗೆ ಸಾಮಾನ್ಯವಾಗಿ ಮೂರು ಸಲ ಬೇಕಾಗುತ್ತದೆ. ಕಾಯಿಲ್‌ಗೆ ಕೇಬಲ್ ಸೇರುವ ಕುತ್ತಿಗೆಯನ್ನೂ, ಬೋಲ್ಟು ಕೂರುವ ಎರಡು ಕಿವಿಗಳನ್ನೂ ಬಿಡಬೇಡಿ. ಬಿರುಕು ಬಂದರೆ ಅಲ್ಲೇ ಬರುವುದು.

ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆ, ನೇಲ್ ಪಾಲಿಶ್ ತೆಗೆಯುವ ದ್ರವ, ಇವೆಲ್ಲ ಪ್ಲಾಸ್ಟಿಕ್ಕಿಗೆ ವಿಷ. ತಾಗಿಸಬೇಡಿ. ಬೈಕ್ ತೊಳೆಯುವ ಪ್ರೆಶರ್ ಪಂಪೂ ಬೇಡ.

ಕೆಲವರು ಕವರ್ ಅಂಚಿಗೆ ಸಿಲಿಕೋನ್ ಗಮ್ ಹಾಕಿ ಮುಚ್ಚಿಬಿಡುತ್ತಾರೆ, ಮಣ್ಣೇ ಹೋಗದ ಹಾಗೆ. ನನಗದು ಇಷ್ಟವಿಲ್ಲ. ಒಂದು ಕಡೆ ಗಮ್ ಬಿಟ್ಟರೂ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಇರುವುದಿಲ್ಲ. ಬೇಕಿದ್ದರೆ ಕಪ್ಪು ಇನ್ಸುಲೇಶನ್ ಟೇಪ್ ಒಂದು ಸುತ್ತು ಹಾಕಿ, ಪ್ರತಿ ಸಲ ಕಿತ್ತು ಹೊಸತು ಹಾಕಬಹುದು.

ರಾಡು, ಲಾಕು, ಮತ್ತು ತೆಂಗಿನೆಣ್ಣೆಯ ವಿಷಯ

ರಾಡಿನ ಒಳಗೆ ಮೇಲಿಂದ ನೀರು ಹೊಯ್ಯಿರಿ, ಕೆಳಗಿಂದ ಹೊಯಿಗೆ ಬೀಳುವುದನ್ನು ನೋಡಿ. ಅದಕ್ಕಿಂತ ಮೊದಲು ಬಟನ್ ಸ್ಪ್ರಿಂಗನ್ನು ಒತ್ತಿ ಹೊರಗೆ ತೆಗೆಯಲು ಬರುತ್ತದೆಯಾ ನೋಡಿ. ಅದು ಸ್ಟೀಲಿನದ್ದು, ತುಕ್ಕು ಮೊದಲು ಹಿಡಿಯುವುದು ಅದಕ್ಕೆ. ತಿರುಗಿಸಿ ಬಿಗಿ ಮಾಡುವ ಲಾಕಿನ ಸಂದಿಗೆ ಟೂತ್‌ಬ್ರಷ್ ಹಾಕಿ. ಕರಕರ ಸದ್ದು ಬಂದರೆ ಹೊಯಿಗೆ ಇನ್ನೂ ಉಂಟು ಎಂದೇ ಅರ್ಥ, ಬಲ ಹಾಕಿ ತಿರುಗಿಸಬೇಡಿ.

ನಮ್ಮ ಕಡೆ ಯಾವುದು ಬಿಗಿಯಾದರೂ ಮದ್ದು ಒಂದೇ, ತೆಂಗಿನೆಣ್ಣೆ. ಬಾಗಿಲ ತಿರುಗಣೆಗೆ, ಕತ್ತಿಗೆ, ತಲೆಗೆ, ಎಲ್ಲಕ್ಕೂ. ಪಕ್ಕದ ಮನೆಯ ಅಜ್ಜ ನನ್ನ ರಾಡು ನೋಡಿ, "ಎರಡು ಬಿಂದು ಎಣ್ಣೆ ಬಿಡು ಮಾರಾಯ, ಸರಾಗ ಹೋಗ್ತದೆ" ಎಂದರು. ಬಿಟ್ಟೆ. ಒಂದು ದಿನ ಸರಾಗ ಹೋಯಿತು. ಮರುದಿನ ಕಡಲಿಗೆ ಹೋದಾಗ ಎಣ್ಣೆಗೆ ಹೊಯಿಗೆ ಹಿಡಿದು ಮರಳು ಕಾಗದದ ಹಾಗಾಯಿತು. ರಾಡು ಪೂರ್ತಿ ಗೀರು. ರಾಡಿಗೆ, ಲಾಕಿಗೆ, ವಾಷರಿಗೆ ಎಣ್ಣೆ, ಗ್ರೀಸು, ಡಬ್ಲ್ಯುಡಿ-40 ಯಾವುದೂ ಬೇಡ. ವಾಷರಿನ ಕೆಲಸವೇ ಜಾರದೆ ಹಿಡಿದುಕೊಳ್ಳುವುದು. ಅದನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿದರೆ ಮುಗಿಯಿತು.

ಹೊಯಿಗೆ ಸೋಸುವ ಸ್ಕೂಪು, ಕೈ ಪಿಕ್ಕಾಸು ಇವಕ್ಕೆ ಮಾತ್ರ ತೊಳೆದು ಒರೆಸಿ ಧಾರಾಳ ಎಣ್ಣೆ ಹಚ್ಚಬಹುದು.

ಕಂಟ್ರೋಲ್ ಬಾಕ್ಸ್

ಇಲ್ಲಿ ಮೊದಲು ನಿಮ್ಮ ಯಂತ್ರದ ಜಾತಿ ತಿಳಿದುಕೊಳ್ಳಬೇಕು. ಮೈನ್‌ಲ್ಯಾಬ್ ಈಕ್ವಿನಾಕ್ಸ್ 800, ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ ಇಂಥವು 3 ಮೀಟರ್ ಆಳದವರೆಗೆ ಪೂರ್ತಿ ಮುಳುಗಿಸಬಹುದಾದವು. ಗ್ಯಾರೆಟ್ ಏಸ್ 300ರಂಥದ್ದರಲ್ಲಿ ಕಾಯಿಲ್‌ಗೆ ಮಾತ್ರ ನೀರು ಆಗುತ್ತದೆ, ಮೇಲಿನ ಬಾಕ್ಸಿಗೆ ಆಗುವುದಿಲ್ಲ. ಪೆಟ್ಟಿಗೆಯ ಮೇಲೆ ನೀರಿನ ಚಿತ್ರ ಇದೆ ಎಂದು ನಂಬಿ ಮುಳುಗಿಸಬೇಡಿ. ಯಂತ್ರದ ಜೊತೆ ಬಂದ ಪುಸ್ತಕ ಓದಿ.

ನೀರು ಆಗದ ಬಾಕ್ಸನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಒಂದು ಸಲ ಒರೆಸಿದ ಬಟ್ಟೆಯನ್ನು ಸಿಹಿನೀರಿನಲ್ಲಿ ಜಾಲಿಸಿ ಇನ್ನೊಂದು ಸಲ. ಮೊದಲನೆಯ ಸಲ ಉಪ್ಪು ಹರಡುತ್ತದೆ, ಎರಡನೆಯ ಸಲ ಹೋಗುತ್ತದೆ. ಸ್ಕ್ರೀನನ್ನು ಒಣ ಬಟ್ಟೆಯಿಂದ ಮೊದಲೇ ಉಜ್ಜಬೇಡಿ, ಹೊಯಿಗೆಯ ಒಂದು ಕಣ ಸಾಕು. ಸ್ಪೀಕರಿನ ತೂತುಗಳಿಗೆ ಒಣ ಬ್ರಷ್. ಬಾಯಿಯಲ್ಲಿ ಊದಬೇಡಿ, ಎಂಜಲಿನ ತೇವ ಹೋಗುತ್ತದೆ.

ಮುಳುಗಿಸಬಹುದಾದ ಬಾಕ್ಸಾದರೆ ಎಲ್ಲಾ ಮುಚ್ಚಳ ಬಿಗಿಯಾಗಿದೆ ಎಂದು ನೋಡಿಕೊಂಡು ನಲ್ಲಿಯ ಸಣ್ಣ ಧಾರೆಗೆ ಹಿಡಿಯಿರಿ. ಬಟನ್‌ಗಳನ್ನು ನೀರಿನ ಕೆಳಗೆ ಒತ್ತಬೇಡಿ. ಒಣಗಿದ ಮೇಲೆ ಮುಚ್ಚಳ ತೆಗೆದು ಒಳಗಿನ ರಬ್ಬರ್ ಬಳೆ ನೋಡಿ. ಒಂದು ಕೂದಲು, ಒಂದು ಹೊಯಿಗೆ ಕಾಳು ಅಲ್ಲಿ ಕೂತಿದ್ದರೂ ಮುಂದಿನ ಸಲ ನೀರು ಒಳಗೆ. ಗ್ರೀಸ್ ಹಚ್ಚಲು ಪುಸ್ತಕದಲ್ಲಿ ಹೇಳಿದ್ದರೆ ಮಾತ್ರ, ಹೇಳಿದ ಜಾತಿಯದ್ದೇ ಹಚ್ಚಿ.

ಪ್ಲಗ್ಗು, ಹೆಡ್‌ಫೋನ್ ತೂತು, ಚಾರ್ಜಿಂಗ್ ಬಿಂದುಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಳ್ಳೆಯದು. ಮೊಬೈಲ್ ರಿಪೇರಿಯವರು ಐಪಿಎ ಎನ್ನುತ್ತಾರೆ. ಇಯರ್ ಬಡ್ಸ್‌ಗೆ ಒಂದು ಹನಿ ತಾಗಿಸಿ ಒರೆಸಿ, ಆರಲು ಬಿಡಿ. ಸ್ಕ್ರೀನಿಗೆ ತಾಗಿಸಬೇಡಿ.

ಸೆಲ್ ಸೋರಿದ್ದರೆ

ಸೆಲ್ ಡಬ್ಬಿಯಲ್ಲಿ ಬಿಳಿ ಪುಡಿಯೋ ಹಸಿರು ಕಿಲುಬೋ ಕಂಡರೆ ಸೆಲ್ ಸೋರಿದೆ ಎಂದರ್ಥ. ಆಲ್ಕಲೈನ್ ಸೆಲ್‌ನಿಂದ ಸೋರುವುದು ಕ್ಷಾರ. ಕೈಗೆ ಗ್ಲೌಸ್ ಹಾಕಿ, ಇಯರ್ ಬಡ್ಸ್‌ಗೆ ವಿನೆಗರ್ ಅಥವಾ ಲಿಂಬೆ ರಸ ತಾಗಿಸಿ ಒರೆಸಿ. ಸಣ್ಣಗೆ ನೊರೆ ಬರಬಹುದು. ಆಮೇಲೆ ನೀರು ತಾಗಿಸಿದ ಬಡ್ಸ್, ಕೊನೆಗೆ ಐಪಿಎ. ಸ್ಪ್ರಿಂಗಿನ ಮೇಲೆ ಕಿಲುಬು ಉಳಿದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲ ಉಜ್ಜಿ. ಹಳೆಯ ಸೆಲ್, ಹೊಸ ಸೆಲ್ ಬೆರೆಸಿ ಹಾಕುವುದರಿಂದ ಸೋರುವುದು ಜಾಸ್ತಿ. ಉಳಿತಾಯ ಮಾಡಲು ಹೋಗಿ ಯಂತ್ರ ಕಳೆದುಕೊಳ್ಳುವ ಕೆಲಸ ಅದು. ಚಾರ್ಜ್ ಮಾಡುವ ಎಎ ಸೆಲ್ ಹಾಕಬಹುದಾ? ಹೆಚ್ಚಿನವಕ್ಕೆ ಹಾಕಬಹುದು. ಅದು 1.2 ವೋಲ್ಟ್, ಸಾಮಾನ್ಯ ಸೆಲ್ 1.5. ಹಾಗಾಗಿ ಬ್ಯಾಟರಿ ಗೆರೆ ಸ್ವಲ್ಪ ಕಡಿಮೆ ತೋರಿಸಿದರೆ ಗಾಬರಿ ಬೇಡ.

ಒಣಗಿಸುವುದು

ನೆರಳು ಮತ್ತು ಫ್ಯಾನ್ ಗಾಳಿ. ಬೇರೇನೂ ಬೇಡ. ಅಡಿಕೆ ಒಣಗಿಸುವ ಅಂಗಳದ ಬಿಸಿಲಿಗೆ ಹಾಕಿದರೆ ಪ್ಲಾಸ್ಟಿಕ್ ಬಗ್ಗುತ್ತದೆ, ಸ್ಕ್ರೀನ್ ಕಪ್ಪಾಗುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಅಲ್ಲಿ ಹೊಗೆ. ಹೇರ್ ಡ್ರೈಯರ್‌ನಲ್ಲಿ ತಣ್ಣನೆಯ ಗಾಳಿ ಇದ್ದರೆ ಪರವಾಗಿಲ್ಲ. ಕಾಯಿಲ್ಲನ್ನು ಕವರ್ ಹಾಕದೆ ಒಂದು ರಾತ್ರಿ ನೇತು ಹಾಕಿ, ರಾಡುಗಳನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ. ಒಳಗೆ ಚಂಡಿ ಇರುವಾಗ ಕವರ್ ಮುಚ್ಚಿದರೆ ತೊಳೆದದ್ದು ವ್ಯರ್ಥ.

ಜೋಡಿಸಿ ಪರೀಕ್ಷೆ

ಕೇಬಲನ್ನು ರಾಡಿಗೆ ಸುತ್ತುವಾಗ ಕಾಯಿಲ್ ಹತ್ತಿರ ಸ್ವಲ್ಪ ಸಡಿಲ ಬಿಡಿ, ಕಾಯಿಲ್ ಮಡಚಲು ಬೇಕು. ಅಲ್ಲಿಂದ ಮೇಲೆ ಅಲುಗಾಡದ ಹಾಗೆ ಸುತ್ತಿ, ವೆಲ್ಕ್ರೋ ಹಾಕಿ. ಕಾಯಿಲ್ ಮುಂದೆ ಕೇಬಲ್ ತೂಗಾಡುತ್ತಿದ್ದರೆ ಅದಕ್ಕೂ ಯಂತ್ರ ಕೂಗುತ್ತದೆ.

ಆಮೇಲೆ ಮೊಬೈಲ್ ದೂರವಿಟ್ಟು, ಬೆರಳಿನ ಉಂಗುರ, ವಾಚು ತೆಗೆದು, ಮರದ ಮೇಜಿನ ಮೇಲೆ ಕಾಯಿಲ್ ಆಚೆ ಚಾಚಿಕೊಳ್ಳುವ ಹಾಗೆ ಇಡಿ. ಒಂದೇ ಒಂದು ವಸ್ತುವನ್ನು ಯಾವಾಗಲೂ ಬಳಸಿ. ನನ್ನದು ಹಳೆಯ ಹಿತ್ತಾಳೆಯ ಬೀಗದ ಕೈ. ಅದನ್ನು ಕಾಯಿಲ್ ಮುಂದೆ ಆಡಿಸುತ್ತಾ ಹಿಂದೆ ಸರಿಸಿ. ಎಷ್ಟು ಇಂಚಿನವರೆಗೆ ಸದ್ದು ಬರುತ್ತದೆ, ಸ್ಕ್ರೀನಿನಲ್ಲಿ ಯಾವ ನಂಬರ್, ಇವೆರಡನ್ನು ಡೈರಿಯಲ್ಲಿ ಬರೆಯಿರಿ. ಸೆಟ್ಟಿಂಗ್ ಪ್ರತಿ ಸಲ ಒಂದೇ ಇರಲಿ. ಮುಂದೊಮ್ಮೆ ದೂರ ಕಡಿಮೆಯಾದರೆ ಮೊದಲು ಸೆಲ್, ಮತ್ತೆ ಪ್ಲಗ್, ಮತ್ತೆ ಕಾಯಿಲ್ ನೋಡಿ. ಒಂದು ರೂಪಾಯಿಯ ನಾಣ್ಯ ಇದಕ್ಕೆ ಬೇಡ, ಅದು ಅಯಸ್ಕಾಂತಕ್ಕೆ ಅಂಟುವ ಸ್ಟೀಲು. ಕಬ್ಬಿಣ ಬಿಟ್ಟು ಹುಡುಕುವ ಸೆಟ್ಟಿಂಗಿನಲ್ಲಿ ಯಂತ್ರ ಅದನ್ನು ಕಂಡೂ ಕಾಣದ ಹಾಗೆ ಇರಬಹುದು.

ಬಾಕ್ಸಿನೊಳಗೆ ಕಡಲ ನೀರು ಹೋದರೆ

ಆಫ್ ಮಾಡಿ, ಬ್ಯಾಟರಿ ತೆಗೆಯಿರಿ, ಮತ್ತೆ "ಬರ್ತದಾ ನೋಡುವಾ" ಎಂದು ಆನ್ ಮಾಡಬೇಡಿ. ಹಾಳಾಗುವುದು ಆ ಒಂದು ಸಲಕ್ಕೇ. ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವುದೂ ಬೇಡ. ಅಕ್ಕಿ ಉಪ್ಪನ್ನು ತೆಗೆಯುವುದಿಲ್ಲ, ಹುಡಿ ಬೇರೆ ಒಳಗೆ ಹೋಗುತ್ತದೆ. ವಾರಂಟಿ ಇದ್ದರೆ ನೀವು ಬಿಚ್ಚಬೇಡಿ. ಇಲ್ಲದಿದ್ದರೆ ಅದೇ ದಿನ ಎಲೆಕ್ಟ್ರಾನಿಕ್ಸ್ ರಿಪೇರಿ ಬಲ್ಲವರಿಗೆ ಕೊಟ್ಟು, "ಇದು ಉಪ್ಪು ನೀರು" ಎಂದು ಬಾಯಿ ಬಿಟ್ಟು ಹೇಳಿ. ಅವರು ಬೋರ್ಡನ್ನು ಐಪಿಎಯಲ್ಲಿ ತೊಳೆದರೆ ಉಳಿಯುವ ಸಾಧ್ಯತೆ ಉಂಟು. ಮರ್ಯಾದೆಗೆ ಹೆದರಿ ಮಳೆ ನೀರು ಎಂದರೆ ಸುಮ್ನೆ ಒಣಗಿಸಿ ಕೊಟ್ಟುಬಿಡುತ್ತಾರೆ.

ಜೂನಿಂದ ಸೆಪ್ಟೆಂಬರ್

ನಮ್ಮ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೇ ಬೂಷ್ಟು ಬರುತ್ತದೆ, ಇನ್ನು ಇದರದ್ದೇನು! ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಂಟ್ರೋಲ್ ಬಾಕ್ಸ್, ಹೆಡ್‌ಫೋನ್, ಪಿನ್‌ಪಾಯಿಂಟರ್ (ಗುಂಡಿಯೊಳಗೆ ಹುಡುಕುವ ಸಣ್ಣ ಕೈ ಡಿಟೆಕ್ಟರ್) ಇಟ್ಟು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಣ್ಣ ಬದಲಾಗುವ ಜಾತಿಯದ್ದಾದರೆ ತೇವ ತುಂಬಿದ್ದು ಕಣ್ಣಿಗೇ ಗೊತ್ತಾಗುತ್ತದೆ. ಸೆಲ್‌ಗಳನ್ನು ತೆಗೆದು ಬೇರೆ ಡಬ್ಬಿಯಲ್ಲಿಡಿ. ಲಿಥಿಯಂ ಬ್ಯಾಟರಿ ಒಳಗೇ ಇದ್ದರೆ ಅರ್ಧ ಚಾರ್ಜಿನಲ್ಲಿ ಇಡಿ. ಪೂರ್ತಿ ತುಂಬಿಸಿಯೂ ಅಲ್ಲ, ಪೂರ್ತಿ ಖಾಲಿ ಮಾಡಿಯೂ ಅಲ್ಲ.

ಜಾಗದ ವಿಷಯ. ತೋಟದ ಸಾಮಾನಿನ ಕೋಣೆ ದೊಡ್ಡದಿರುತ್ತದೆ ಎಂದು ಅಲ್ಲಿಡಬೇಡಿ. ಅಲ್ಲಿ ಅಡಿಕೆಗೆ ಬಿಡುವ ಮೈಲುತುತ್ತು ಇರುತ್ತದೆ, ಗೊಬ್ಬರದ ಗೋಣಿ ಇರುತ್ತದೆ, ರಬ್ಬರ್ ಶೀಟ್ ಮಾಡುವವರಾದರೆ ಆಸಿಡ್ ಕ್ಯಾನೂ ಇರುತ್ತದೆ. ಮೂರೂ ಲೋಹ ತಿನ್ನುವಂಥವು. ಮೈಲುತುತ್ತು ಬಿಟ್ಟ ಮರುದಿನ ತೋಟದಲ್ಲಿ ಹುಡುಕಾಡಿ ಮೇಲಿಂದ ಹನಿ ಬಿದ್ದಿದ್ದರೂ ಆವತ್ತೇ ತೊಳೆಯಿರಿ. ಮನೆಯೊಳಗೆ, ಮಲಗುವ ಕೋಣೆಯ ಕಪಾಟಿನ ಮೇಲೆ ಇಟ್ಟರೆ ಒಳ್ಳೆಯದು.

ತಿಂಗಳಿಗೊಮ್ಮೆ ಡಬ್ಬಿ ತೆರೆದು, ಬ್ಯಾಟರಿ ಹಾಕಿ, ಬೀಗದ ಕೈ ತೋರಿಸಿ, ಡೈರಿಯ ನಂಬರಿಗೆ ಹೋಲಿಸಿ. ನಾನು ಸಂಕ್ರಮಣದ ದಿನ ಮಾಡುತ್ತೇನೆ, ಮರೆಯುವುದಿಲ್ಲ. ಕಳೆದ ಆಟಿಯಲ್ಲಿ ಹಾಗೆ ತೆಗೆದಾಗ ಹೆಡ್‌ಫೋನಿನ ಸ್ಪಂಜಿನ ಮೇಲೆ ಬಿಳಿ ಬೂಷ್ಟು ಕಂಡಿತು. ಸ್ಪಂಜು ತೆಗೆದು ತೊಳೆದು ಒಣಗಿಸಿ, ಪೊಟ್ಟಣ ಬದಲಾಯಿಸಿ ಮತ್ತೆ ಮುಚ್ಚಿದೆ. ಚೌತಿ ಕಳೆದು ಮೊದಲ ಫೋನು ಬಂದಾಗ ಬೀಗದ ಕೈಗೆ ಅದೇ ಒಂಬತ್ತು ಇಂಚು ಸದ್ದು ಬರುತ್ತಿತ್ತು.